ಸುಣ್ಣ ಬೆರೆಸಿದ ಸತು

ಮದುವೆಯಾಗಿ ಈ ಊರಿಗೆ ಬಂದ ಮೊದಲ ಬೆಳಿಗ್ಗೆ ನಾನು ಅತ್ತೆಯ ಹತ್ತಿರ ಬೆಂಕಿಪೊಟ್ಟಣ ಕೇಳಿದೆ. ಪಾತ್ರೆ ತೊಳೆಯುತ್ತಿದ್ದವರು ಹಾಗೇ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ನಿಮ್ಮಪ್ಪ ನಿನಗೆ ಏನೂ ಹೇಳಿಲ್ವಾ ಮಗಳೇ?" ಅಂದರು. ಹೇಳಿದ್ದರು. ನಾನು ನಂಬಿರಲಿಲ್ಲ, ಅಷ್ಟೆ. ಅತ್ತೆ ಬಚ್ಚಲ ಗೂಡಿನಿಂದ ಒಂದು ಹಳೆಯ ಪೊಟ್ಟಣ ತೆಗೆದುಕೊಟ್ಟರು. ಹೊರಗಿನಿಂದ ಬರುವ ಸೊಸೆಯರಿಗೆ ಅಂತಲೇ ಇಟ್ಟಿದ್ದಂತೆ. ಕಡ್ಡಿ ಗೀರಿದೆ. ಒಂದಾದ ಮೇಲೊಂದು ಗೀರಿದೆ. ಮದ್ದು ಉಜ್ಜಿಹೋಗಿ ಕಡ್ಡಿಯ ತಲೆ ಬೋಳಾಯಿತೇ ಹೊರತು ಒಂದು ಕಿಡಿಯೂ ಹಾರಲಿಲ್ಲ. "ಸಮಾಧಾನ ಆಯ್ತಾ? ಬಾ, ಕಾಫಿ ಕುಡಿ" ಅಂದು ಅತ್ತೆ ಕರೆಂಟಿನ ಒಲೆಯ ಮೇಲಿಂದ ಪಾತ್ರೆ ಇಳಿಸಿದರು.

ನಮ್ಮ ಊರಲ್ಲಿ ಬೆಂಕಿ ಹತ್ತುವುದಿಲ್ಲ. ಗಡಿಕಲ್ಲಿನ ಆಚೆ ಹತ್ತುತ್ತದೆ, ಈಚೆ ಹತ್ತುವುದಿಲ್ಲ. ಬೀಡಿ ಸೇದುವ ಗಂಡಸರು ಸಂಜೆಯಾದರೆ ಗುಡ್ಡ ಹತ್ತಿ, ಗಡಿಕಲ್ಲಿನ ಆಚೆ ಕಾಲು ಚಾಚಿಕೊಂಡು ಸಾಲಾಗಿ ಕೂರುತ್ತಾರೆ. ಮದುವೆಯಲ್ಲಿ ಗಂಡು ಹೆಣ್ಣು ಬಿಸಿಲು ಬಿದ್ದ ಕನ್ನಡಿಯ ಸುತ್ತ ತಿರುಗುತ್ತಾರೆ. ಮೋಡ ಬಂದರೆ ಪುರೋಹಿತರು ಬಾಯಿ ಮುಚ್ಚಿಕೊಂಡು ಆಕಾಶ ನೋಡುತ್ತಾ ನಿಲ್ಲುತ್ತಾರೆ. ಬಸದಿಯ ಆರತಿಯೂ ಕನ್ನಡಿಯದೇ. ಸತ್ತವರನ್ನು ಹೂಳುತ್ತಾರೆ, ಯಾವ ಜಾತಿಯವರಾದರೂ. ಹಾಗಂತ ಊರು ಬಿಟ್ಟು ಹೋಗೋಣ ಅಂದವರನ್ನು ನಾನು ಕಂಡಿಲ್ಲ. ಸುತ್ತಲ ಸೀಮೆಯ ವ್ಯಾಪಾರಿಗಳೆಲ್ಲ ಹತ್ತಿ, ಪಟಾಕಿ, ಸೀಮೆಎಣ್ಣೆ ತಂದು ಇಡುವುದು ನಮ್ಮೂರ ಗೋದಾಮುಗಳಲ್ಲೇ. ಉರಿದುಹೋಗುವ ಭಯವಿಲ್ಲದ ಜಾಗ ಇನ್ನೆಲ್ಲಿ ಸಿಗಬೇಕು? ಊರಿನ ಅನ್ನ ಹುಟ್ಟುವುದು ಅದರಿಂದ.

ಹುಟ್ಟಿದ ಅನ್ನ ಬೇಯಬೇಕಲ್ಲ. ಹೊರಗಿನ ಕರೆಂಟು ಕಣಿವೆ ದಾಟಿ ಬಂದಿಲ್ಲ. ಇಷ್ಟು ಸಣ್ಣ ಊರಿಗೆ ಯಾರು ಕಂಬ ನೆಟ್ಟಾರು? ಪ್ರತಿ ಮನೆಯ ಮಾಡಿನ ಮೇಲೆ ಬಿಸಿಲಿನ ಹಲಗೆಗಳಿವೆ, ಪ್ರತಿ ಅಡುಗೆಮನೆಯ ಮೂಲೆಯಲ್ಲಿ ಸೆಲ್ಲುಗಳ ಸಾಲಿದೆ. ಹಗಲು ಬಿದ್ದ ಬಿಸಿಲು ಸೆಲ್ಲಿನಲ್ಲಿ ಕೂತಿದ್ದು ಬೇಕಾದಾಗ ಒಲೆಗೂ ದೀಪಕ್ಕೂ ಬಚ್ಚಲ ನೀರಿಗೂ ಬರಬೇಕು. ಆ ಸೆಲ್ಲುಗಳನ್ನು ಮಾಡುವುದು, ಹಳತಾದದ್ದನ್ನು ಬಿಚ್ಚಿ ರಿಪೇರಿ ಮಾಡುವುದು ನಮ್ಮನೆಯವರ ಕಸುಬು. ಅವರ ಹೆಸರು ಧರಣೇಂದ್ರ. ಊರವರ ಬಾಯಲ್ಲಿ ಧರಣಪ್ಪ. ಕಣಿವೆಯಾಚೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲೇ ಕೆಲಸವೂ ಸಿಕ್ಕಿ, ಒಂದೇ ವರ್ಷಕ್ಕೆ ವಾಪಸು ಬಂದು ಅಪ್ಪನ ಷೆಡ್ಡಿನಲ್ಲಿ ಕೂತವರು. ಯಾಕೆ ಬಂದಿರಿ ಅಂತ ನಾನು ಕೇಳಿದಾಗ, "ಅಲ್ಲಿ ಒಂದು ಸೆಲ್ಲು ಕೆಟ್ಟರೆ ಟಾರ್ಚು ಆರುತ್ತೆ. ಇಲ್ಲಿ ಒಂದು ಮನೆ ಉಪವಾಸ ಬೀಳುತ್ತೆ" ಅಂದಿದ್ದರು. ಮಾತು ಕಡಿಮೆ. ಆಡಿದರೆ ಸೆಲ್ಲಿನ ಮಾತೇ.

ಹಾಗಾಗಿ ನನಗೂ ಅಷ್ಟಿಷ್ಟು ಗೊತ್ತು. ನಮ್ಮ ಮಾವನ ಕಾಲದಿಂದ ಇದ್ದದ್ದು ಕಬ್ಬಿಣದ ಸೆಲ್ಲು. ಒಂದು ಕಡೆ ನಿಕ್ಕಲ್ ಪ್ಲೇಟು, ಇನ್ನೊಂದು ಕಡೆ ಕಬ್ಬಿಣದ ಪ್ಲೇಟು, ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆ, ಸುತ್ತ ಕ್ಷಾರದ ನೀರು. ಅದಕ್ಕೆ ಸಾವಿಲ್ಲ, ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸಬಹುದು. ಆದರೆ ಮಹಾ ಪೋಲಿನದು. ನೀವು ಕೊಟ್ಟ ಬಿಸಿಲಿನಲ್ಲಿ ಅರ್ಧ ಗುಳ್ಳೆಯಾಗಿ ಹಾರಿಹೋಗುತ್ತದೆ. ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಇಳಿಯುತ್ತದೆ. ಚಳಿ ಬಿತ್ತೆಂದರೆ ಮುದುಕನ ಮಂಡಿಯ ಹಾಗೆ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಾಗ ಊರು ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿತ್ತು, ಹಣ್ಣು ಮುದುಕರು ನಡುಗಿ ನಡುಗಿ ಸಾಯುತ್ತಿದ್ದರು.

ನಮ್ಮನೆಯವರು ಕಬ್ಬಿಣದ ಜಾಗಕ್ಕೆ ಸತುವನ್ನು ತಂದರು. ಸತು ಹಗುರ, ಗಟ್ಟಿ ಕೆಲಸಗಾರ, ಕೊಟ್ಟ ಬಿಸಿಲನ್ನು ಹೆಚ್ಚುಕಡಿಮೆ ಅಷ್ಟನ್ನೂ ಹಿಂದಿರುಗಿಸುತ್ತದೆ. ಅದರ ದುರ್ಗುಣ ಬೇರೆ. ಸೆಲ್ಲು ಖಾಲಿಯಾಗುವಾಗ ಸತು ನೀರಿನಲ್ಲಿ ಕರಗುತ್ತದೆ, ತುಂಬುವಾಗ ಮತ್ತೆ ಪ್ಲೇಟಿಗೆ ಬಂದು ಕೂರುತ್ತದೆ. ಹೊರಟ ಜಾಗಕ್ಕೇ ಬಂದು ಕೂತರೆ ಸರಿ. ಅದು ಎಲ್ಲೆಲ್ಲೋ ಅಲೆದು, ಒಂದರ ತುದಿಗೆ ಒಂದು ಅಂಟಿಕೊಂಡು, ಸೂಜಿಯ ಹಾಗೆ ಬೆಳೆಯುತ್ತದೆ. ಒಂದು ದಿನ ಆ ಸೂಜಿ ನಡುವಿನ ಬಟ್ಟೆಯನ್ನು ಚುಚ್ಚಿ ಆಚೆಯ ಪ್ಲೇಟನ್ನು ಮುಟ್ಟಿತೆಂದರೆ ಸೆಲ್ಲು ಕೆಂಡವಾಗಿ ಸತ್ತಿತು ಅಂತಲೇ ಲೆಕ್ಕ.

ಅದನ್ನು ಊರಿಗೆಲ್ಲ ತಿಳಿಯುವಂತೆ ಮಾಡಿದ್ದು ಹಿಂದಿನ ಬೀದಿಯ ದೇವೀರಮ್ಮನ ಮಗಳ ಮದುವೆ. ಹೊಸ ಸತುವಿನ ಸೆಲ್ಲುಗಳನ್ನು ನಮ್ಮನೆಯವರು ಆ ಬೀದಿಗೆಲ್ಲ ಹಾಕಿಕೊಟ್ಟಿದ್ದರು. ಕೆಲವು ತಿಂಗಳು ಎಲ್ಲರೂ ಹೊಗಳಿದರು. ಮದುವೆಯ ಬೆಳಿಗ್ಗೆ ದೊಡ್ಡ ಹಂಡೆಗೆ ಅಕ್ಕಿ ಹಾಕಿದ ಮೇಲೆ ಸೆಲ್ಲುಗಳು ಒಂದೊಂದಾಗಿ ಬಿಸಿಯಾಗಿ ಕೈಕೊಟ್ಟವು. ಬೀಗರು ಹೆಸರುಬೇಳೆ ಕೋಸಂಬರಿ, ಬಾಳೆಹಣ್ಣು ತಿಂದು ಎದ್ದರು. ಅಂದಿನಿಂದ ಇವರಿಗೆ 'ಹಸಿಅಕ್ಕಿ ಧರಣಪ್ಪ' ಅಂತ ಹೆಸರು ಬಿತ್ತು. ದೇವೀರಮ್ಮ ಎದುರಿಗೇ ಹಾಗೆ ಕರೆಯುತ್ತಿದ್ದರು. ಇವರು ಎಲ್ಲರ ಮನೆಗೂ ಹಳೆಯ ಕಬ್ಬಿಣದ ಸೆಲ್ಲುಗಳನ್ನೇ ಹೊತ್ತುಕೊಂಡು ಹೋಗಿ ಇಟ್ಟು ಬಂದರು. ಇನ್ನು ಮೇಲೆ ಒಂದು ಪೂರ್ತಿ ಮಳೆಗಾಲ ಷೆಡ್ಡಿನಲ್ಲಿ ನಿಂತು ತೋರಿಸದ ಹೊರತು ಯಾವ ಹೊಸ ಸೆಲ್ಲನ್ನೂ ಯಾರ ಮನೆಗೂ ಕೊಡುವುದಿಲ್ಲ ಅಂತ ನನ್ನೊಬ್ಬಳ ಹತ್ತಿರ ಹೇಳಿದರು.

ಆಮೇಲೆ ಶುರುವಾದದ್ದು ಸತುವನ್ನು ಅಲೆಯದಂತೆ ಕಟ್ಟಿಹಾಕುವ ಕೆಲಸ. ಬಟ್ಟೆ ದಪ್ಪ ಮಾಡಿ ನೋಡಿದರು. ಸೂಜಿ ನಿಧಾನವಾಯಿತು, ನಿಲ್ಲಲಿಲ್ಲ. ಏನೇನೋ ಪುಡಿಗಳನ್ನು ಸೇರಿಸಿ ಅರೆದು ನೋಡಿದರು. ಕೊನೆಗೆ ಸುಣ್ಣಕ್ಕೆ ಬಂದು ನಿಂತರು. ಕರಗಿದ ಸತುವನ್ನು ಸುಣ್ಣ ಅಲ್ಲಲ್ಲೇ ಹಿಡಿದು ಗಟ್ಟಿ ಮಾಡುತ್ತದೆ, ನೀರಿನಲ್ಲಿ ಅಲೆಯಲು ಬಿಡುವುದಿಲ್ಲ ಅಂತ ಅವರ ಲೆಕ್ಕಾಚಾರ. ಅದೂ ಹದ ತಪ್ಪುವ ಹಾಗಿಲ್ಲ. ಕಡಿಮೆಯಾದರೆ ಸೂಜಿ, ಹೆಚ್ಚಾದರೆ ಪ್ಲೇಟಿಗೆ ಸೋಮಾರಿತನ. ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಎಲ್ಲೆಲ್ಲೂ ಬಿಳಿ ಪುಡಿ. ಇವರ ರೆಪ್ಪೆಯ ಮೇಲೂ ಸುಣ್ಣ ಕೂತಿರುತ್ತಿತ್ತು. ಸಾಕಷ್ಟು ಸೆಲ್ಲುಗಳನ್ನು ಮಾಡಿ ಷೆಡ್ಡಿನ ಹಲಗೆಯ ಮೇಲೆ ಜೋಡಿಸಿ, ದಿನವೂ ತುಂಬಿಸುವುದು, ಖಾಲಿ ಮಾಡುವುದು, ತುಂಬಿಸುವುದು, ಖಾಲಿ ಮಾಡುವುದು. ಯಾರೂ ಮುಟ್ಟುವಂತಿಲ್ಲ. ಮಳೆಗಾಲ ಮುಗಿಯಲಿ, ಬಿಚ್ಚಿ ನೋಡುತ್ತೇನೆ, ಒಳಗೆ ಸೂಜಿಯಿಲ್ಲದಿದ್ದರೆ ಆಮೇಲೆ ಮಾತು ಅನ್ನುತ್ತಿದ್ದರು.

ಆ ಮಳೆಗಾಲದ ನಡುವಿನಲ್ಲೇ ನನ್ನ ತಂಗಿ ತ್ರಿಶಲೆಗೆ ಹೆರಿಗೆ ನೋವು ಬಂತು. ಅವಳನ್ನು ಈ ಊರಿನ ಗೋದಾಮಿನಲ್ಲಿ ಕೆಲಸ ಮಾಡುವ ಜಯಕೀರ್ತಿಗೆ ತಂದುಕೊಂಡಿದ್ದು ನಾನೇ ಮುಂದೆ ನಿಂತು. ಅವಳಿಗೆ ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಜಯಕೀರ್ತಿ ಹತ್ತಿಯ ಲಾರಿಯ ಜೊತೆ ಕಣಿವೆಯಾಚೆ ಹೋದವನು, ಹಳ್ಳ ತುಂಬಿ ಸೇತುವೆ ಮುಳುಗಿ ಅಲ್ಲೇ ಉಳಿದಿದ್ದ. ನಾನೂ ದೇವೀರಮ್ಮನೂ ಅವಳನ್ನು ನಡೆಸಿಕೊಂಡು ಹೆರಿಗೆ ಮನೆಗೆ ಹೋದೆವು. ಅಲ್ಲಿ ಇರುವುದು ನರ್ಸು ಖತೀಜಾಬಿ ಒಬ್ಬರೇ. ಊರಿನ ಅರ್ಧ ಜನ ಈ ಲೋಕ ಕಂಡಿದ್ದು ಅವರ ಕೈಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅತ್ತಿತು, ಆದರೆ ಬೆಕ್ಕಿನ ಮರಿಯ ಹಾಗೆ. ಖತೀಜಾಬಿಯ ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಸುವಷ್ಟಿತ್ತು.

"ಉಸಿರಾಟ ಪರವಾಗಿಲ್ಲ. ಹಾಲು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಕೋಣ. ಇವಳಿಗೆ ಬೇಕಾಗಿರೋದು ಒಂದೇ, ಕಾವು" ಅಂದರು ಖತೀಜಾಬಿ. ಹೆರಿಗೆ ಮನೆಯಲ್ಲಿ ಒಂದು ಕಾವುಪೆಟ್ಟಿಗೆ ಇದೆ. ಗಾಜಿನ ಮುಚ್ಚಳ, ಕೆಳಗೆ ಬಿಸಿಯಾಗುವ ತಂತಿ, ಪಕ್ಕದಲ್ಲಿ ಕಬ್ಬಿಣದ ಸೆಲ್ಲುಗಳ ಸಾಲು. ಹೊರಗೆ ಮೋಡ ಹಾಸಿಕೊಂಡು ಆಗಲೇ ಒಂದು ವಾರವಾಗಿತ್ತು. ಖತೀಜಾಬಿ ಸ್ವಿಚ್ಚು ಹಾಕಿದರು. ಮಾರನೆಯ ಬೆಳಿಗ್ಗೆಯ ತನಕ ಪೆಟ್ಟಿಗೆ ಬೆಚ್ಚಗಿತ್ತು. ಆಮೇಲೆ ಬರಬರುತ್ತಾ ಉಗುರುಬೆಚ್ಚಗಾಯಿತು, ಮಧ್ಯಾಹ್ನಕ್ಕೆ ಗಾಜಿನ ಮೇಲೆ ತಣ್ಣನೆಯ ಹನಿ ಕೂತಿತು.

ತ್ರಿಶಲೆಗೆ ಅಷ್ಟರಲ್ಲಿ ಬಾಣಂತಿ ಜ್ವರ ಏರಿತ್ತು. ಅವಳ ಎದೆಯ ಮೇಲೆ ಮಗುವನ್ನು ಮಲಗಿಸುವಂತಿರಲಿಲ್ಲ. ಖತೀಜಾಬಿ ನನ್ನ ಕುಪ್ಪಸ ಬಿಚ್ಚಿಸಿ, ಮಗುವನ್ನು ನನ್ನ ಎದೆಗೆ ಅಂಟಿಸಿ, ಮೇಲೆ ಕಂಬಳಿ ಸುತ್ತಿದರು. ನನ್ನ ಸರದಿಯಾದ ಮೇಲೆ ದೇವೀರಮ್ಮ. ಆಮೇಲೆ ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದರು. ಆದರೆ ಬಂದವರೆಲ್ಲ ಮಳೆಯಲ್ಲಿ ನೆನೆದವರು, ಬಿಸಿ ಊಟ ಕಂಡು ದಿನಗಳಾದವರು. ಅವರ ಮೈಯೇ ತಣ್ಣಗಿತ್ತು. ಒಬ್ಬರಿಂದ ಒಬ್ಬರಿಗೆ ಕೊಡುವಾಗೆಲ್ಲ ಮಗು ಒಂದಿಷ್ಟು ಕಾವು ಕಳೆದುಕೊಳ್ಳುತ್ತಿತ್ತು. ಸಂಜೆ ಖತೀಜಾಬಿ ಅದರ ಅಂಗಾಲು ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಮರುದೇವಿ, ಹೀಗೆ ಇನ್ನೊಂದು ದಿನ ತಳ್ಳಬಹುದು. ಅದಕ್ಕಿಂತ ಹೆಚ್ಚು ನನ್ನ ಕೈಲಿ ಹೇಳೋಕಾಗಲ್ಲ. ನಿಮ್ಮನೆಯವರ ಹತ್ತಿರ ಹೊಸ ಸೆಲ್ಲು ಇದೆಯಂತಲ್ಲ, ಹೌದಾ?"

ಅವರು ಕೇಳುವ ಮೊದಲೇ ನನ್ನ ತಲೆಯಲ್ಲಿದ್ದುದೂ ಅದೇ. ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಷೆಡ್ಡಿಗೆ ಹೋದೆ. ಇವರು ಹಲಗೆಯ ಮುಂದೆ ನಿಂತು ಸೆಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. "ಮಗು ಹೇಗಿದೆ?" ಅಂದರು. ಹೇಳಿದೆ. ಪೆಟ್ಟಿಗೆ ಆರಿಹೋದದ್ದನ್ನೂ ಹೇಳಿದೆ. ಕೊನೆಗೆ, "ಇವನ್ನ ಕೊಡಿ" ಅಂದೆ.

ಅವರು ಒಂದು ಬಟ್ಟೆ ತೆಗೆದುಕೊಂಡು ಬೆರಳು ಒರೆಸಿಕೊಂಡರು. "ಕೊಡೋಕಾಗಲ್ಲ" ಅಂದರು.

"ಇಷ್ಟು ತಿಂಗಳು ಓಡಿವೆ ಅಂತ ನೀವೇ ಹೇಳಿದ್ರಲ್ಲ."

"ಓಡಿವೆ. ಒಳಗೆ ಏನಾಗಿದೆ ಅಂತ ನಾನಿನ್ನೂ ನೋಡಿಲ್ಲ. ಸೂಜಿ ಬೆಳೆದು ಬಟ್ಟೆಯ ಅಂಚಿಗೆ ಬಂದು ನಿಂತಿದ್ದರೂ ಹೊರಗಿನಿಂದ ಗೊತ್ತಾಗಲ್ಲ. ಕೋಸಂಬರಿ ತಿಂದು ಎದ್ದು ಹೋಗೋ ವಿಷಯ ಅಲ್ಲ ಇದು. ಷಾರ್ಟಾದರೆ ಸೆಲ್ಲು ಕಾಯುತ್ತೆ. ಕಾದು ಒಡೆದರೆ ಕ್ಷಾರದ ನೀರು ಚಿಮ್ಮುತ್ತೆ. ಪಕ್ಕದಲ್ಲಿ ಯಾರು ಮಲಗಿರೋದು?"

ನಾನು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅವರು ಹೇಳಿದ್ದು ಸುಳ್ಳಾಗಿದ್ದರೆ ಜಗಳ ಆಡಬಹುದಿತ್ತು. ಅಲ್ಲೇ ಇದ್ದ ಮಣೆಯ ಮೇಲೆ ಕೂತೆ. ನನ್ನ ಎದೆಯ ಮೇಲೆ ಆ ಮಗು ಇದ್ದ ಜಾಗ ಇನ್ನೂ ತಣ್ಣಗೇ ಇತ್ತು. "ಅಮ್ಮ ಬೇಡ ಅಂದಿದ್ದಳು. ಒಬ್ಬಳನ್ನ ಆ ಒಲೆಯಿಲ್ಲದ ಊರಿಗೆ ಕೊಟ್ಟಿದ್ದು ಸಾಕು, ಎರಡನೆಯವಳು ಬೇಡ ಅಂತ. ನಾನೇ ಹಟ ಹಿಡಿದು ಕರಕೊಂಡು ಬಂದೆ" ಅಂದೆ. ಇವರನ್ನು ಕರಗಿಸಬೇಕು ಅಂತ ಹೇಳಿದ್ದಲ್ಲ. ಬೇರೆ ಯಾರ ಹತ್ತಿರ ಹೇಳಲಿ?

ಇವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ, "ಹೆರಿಗೆ ಮನೆಗೆ ಹೊರಗಡೆ ಜಗಲಿ ಇದೆ ಅಲ್ವಾ?" ಅಂದರು.

"ಇದೆ."

"ಜಗಲಿಗೂ ಪೆಟ್ಟಿಗೆಗೂ ನಡುವೆ ಗೋಡೆ?"

"ಕಲ್ಲಿನ ಗೋಡೆ. ಕಿಟಕಿ ಇದೆ."

"ಸೆಲ್ಲು ಜಗಲಿಯಲ್ಲಿರುತ್ತೆ. ತಂತಿ ಮಾತ್ರ ಒಳಗೆ. ನಾನು ಸೆಲ್ಲಿನ ಪಕ್ಕ ಕೂತಿರ್ತೀನಿ, ಕೈ ತೆಗೆಯಲ್ಲ. ಬಿಸಿಯಾದ್ರೆ ಆ ಕ್ಷಣ ತಂತಿ ಕೀಳ್ತೀನಿ. ಕಿತ್ತ ಕೂಡಲೇ ಮಗುವನ್ನ ಎತ್ತಿಕೊಳ್ಳೋಕೆ ಒಳಗೆ ಯಾವಾಗಲೂ ಒಬ್ಬರು ಒಣ ಬಟ್ಟೆ ಉಟ್ಟುಕೊಂಡು ತಯಾರಿರಬೇಕು. ಇದಕ್ಕೆ ಖತೀಜಕ್ಕ ಒಪ್ಪಿದರೆ ತರ್ತೀನಿ." ಅಷ್ಟು ಉದ್ದದ ಮಾತನ್ನು ಅವರು ಒಂದೇ ಉಸಿರಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಖತೀಜಾಬಿ ಒಪ್ಪಿದರು. ಹಲಗೆಯ ಮೇಲಿದ್ದವುಗಳಲ್ಲಿ ಸುಣ್ಣ ಸ್ವಲ್ಪ ಹೆಚ್ಚು ಬಿದ್ದ ಸೆಲ್ಲುಗಳನ್ನೇ ಇವರು ಆರಿಸಿದರು. ಅವು ಕೊಡುವುದು ಕಡಿಮೆ, ಆದರೆ ಸೂಜಿಯ ಭಯವೂ ಕಡಿಮೆ ಅಂದರು. ನಾವಿಬ್ಬರೂ ಮಳೆಯಲ್ಲಿ ಹೊತ್ತುಕೊಂಡು ಹೋದೆವು. ಕಬ್ಬಿಣದ ಸೆಲ್ಲಾಗಿದ್ದರೆ ಗಾಡಿ ಬೇಕಾಗುತ್ತಿತ್ತು. ಕಿಟಕಿಯಿಂದ ತಂತಿ ಒಳಗೆ ಹೋಯಿತು. ಖತೀಜಾಬಿ ಪೆಟ್ಟಿಗೆಯೊಳಗೆ ಕೈಯಿಟ್ಟುಕೊಂಡು ನಿಂತರು. ಸ್ವಲ್ಪ ಹೊತ್ತಾದ ಮೇಲೆ ತಲೆಯಾಡಿಸಿ, ದೇವೀರಮ್ಮನ ಎದೆಯಿಂದ ಮಗುವನ್ನು ತೆಗೆದುಕೊಂಡು ಒಳಗೆ ಮಲಗಿಸಿದರು. ನಾವೆಲ್ಲ ಗಾಜಿನ ಆಚೆ ನಿಂತು, ಅದರ ನೀಲಿ ತಿರುಗಿದ ಬೆರಳುಗಳು ಕೆಂಪಾಗುವುದನ್ನು ನೋಡಿದೆವು. ಜಗಲಿಯಲ್ಲಿ ಇವರು ಗೋಡೆಗೆ ಒರಗಿ, ಸೆಲ್ಲುಗಳ ಮೇಲೆ ಬಲಗೈ ಇಟ್ಟುಕೊಂಡು ಕೂತಿದ್ದರು.

ತುಂಬಿಸುವುದು ಹೇಗೆ ಅನ್ನುವ ಪ್ರಶ್ನೆ ಮಾರನೆಯ ದಿನ ಬಂತು. ಹೆರಿಗೆ ಮನೆಯ ಮಾಡಿನ ಮೇಲೆ ಬೀಳುತ್ತಿದ್ದ ಮಸುಕು ಬೆಳಕು ಪೆಟ್ಟಿಗೆಗೆ ಸಾಲದು. ದೇವೀರಮ್ಮನೇ ಬೀದಿಯಲ್ಲಿ ಮನೆಮನೆಗೂ ಹೋದರು. "ಇವತ್ತಿಂದ ಯಾರೂ ಒಲೆ ಹಾಕೋ ಹಾಗಿಲ್ಲ. ನಿಮ್ಮ ಮಾಡಿಗೆ ಬಿದ್ದ ಬೆಳಕನ್ನ ಆ ಸುಣ್ಣದ ಸೆಲ್ಲಿಗೆ ಕೊಡಿ. ನಿಮ್ಮ ಕಬ್ಬಿಣಕ್ಕೆ ಹಾಕಿದ್ರೆ ಅರ್ಧ ಗುಳ್ಳೆಯಾಗಿ ಹೋಗುತ್ತೆ, ಅದಕ್ಕೆ ಹಾಕಿದ್ರೆ ಅಷ್ಟೂ ಮಗುವಿಗೆ ಸಿಗುತ್ತೆ." ಈ ಗುಳ್ಳೆಯ ವಿಷಯ ಅವರಿಗೆ ಯಾರು ಹೇಳಿದ್ದೋ. ಬೀದಿಯವರು ಬೆಳಿಗ್ಗೆ ಖಾಲಿಯಾದ ಸೆಲ್ಲುಗಳನ್ನಷ್ಟೇ ತಗೊಂಡು ಹೋಗಿ ತಮ್ಮ ಮಾಡಿನ ತಂತಿಗೆ ಸಿಕ್ಕಿಸುವುದು, ಬೆಳಕು ಇಳಿಯುವ ಮೊದಲು ತಂದು ಜಗಲಿಯಲ್ಲಿಡುವುದು. ಅವಲಕ್ಕಿ, ಮೊಸರು, ನೆನೆಸಿದ ಕಡಲೆ, ಅದೇ ಎಲ್ಲರ ಊಟ. ಇವರಿಗೂ ಅದನ್ನೇ ಬಟ್ಟಲಲ್ಲಿ ತಂದು ಎಡಗೈಗೆ ಕೊಡುತ್ತಿದ್ದೆ. ಬಲಗೈಗೆ ಬಿಡುವಿಲ್ಲ. ಹೊತ್ತು ಮುಳುಗಿದ ಮೇಲೆ ಊಟ ಮಾಡದ ವ್ರತ ಅವರದು. ಕೆಲವು ದಿನ ಊಟದ ಹೊತ್ತು ಹೀಗೆ ದಾಟಿಹೋಗಿ ಬರೀ ನೀರು ಕುಡಿದರು. ಅವರು ತೂಕಡಿಸುವಾಗ ನಾನು ಕೂತು ಸೆಲ್ಲಿನ ಮೇಲೆ ಕೈ ಇಡುತ್ತಿದ್ದೆ. ಬಿಸಿಯಾಯಿತೋ ಇಲ್ಲವೋ ಅಂತ ಅನುಮಾನ ಬಂದರೆ ಕೆನ್ನೆಯಿಟ್ಟು ನೋಡುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಇವರು "ತಗೀರಿ" ಅಂದರು. ಜೋರಾಗಿ ಕೂಗಲಿಲ್ಲ; ಆದರೆ ಆ ದನಿ ಕೇಳಿ ಒಳಗಿದ್ದ ದೇವೀರಮ್ಮ ಕ್ಷಣದಲ್ಲಿ ಮುಚ್ಚಳ ಎತ್ತಿ ಮಗುವನ್ನು ಸೆರಗಿನೊಳಗೆ ಸೇರಿಸಿಕೊಂಡರು. ನಾನು ಜಗಲಿಗೆ ಓಡಿದೆ. ಇವರು ತಂತಿ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. "ಈ ಕೊನೇದು. ಬಿಸಿಯಾಗಿದೆ" ಅಂದರು. ನಾನು ಮುಟ್ಟಿದೆ. ನಿಜವಾಗಿಯೂ ಸುಡುತ್ತಿತ್ತು. ಒಳಗೆ ತ್ರಿಶಲೆ ಜ್ವರದಲ್ಲೇ ಎದ್ದು ಕೂತು "ಏನಾಯ್ತು ಅಕ್ಕ?" ಅಂತ ಕೇಳುತ್ತಿದ್ದಳು.

ಇವರು ಕುಕ್ಕರಗಾಲಿನಲ್ಲಿ ಕೂತು ಆ ಸೆಲ್ಲನ್ನು ಎಲ್ಲ ಕಡೆಯಿಂದ ಮುಟ್ಟಿ ನೋಡಿದರು. ಹೊಟ್ಟೆ ಮುಟ್ಟಿದರು, ಬುಡ ಮುಟ್ಟಿದರು, ಮತ್ತೆ ತಲೆ ಮುಟ್ಟಿದರು. ನನ್ನ ಕೈಯನ್ನೂ ಹಿಡಿದು ಅದೇ ಕ್ರಮದಲ್ಲಿ ಮುಟ್ಟಿಸಿದರು. ಹೊಟ್ಟೆ ತಣ್ಣಗಿತ್ತು. ಸುಡುತ್ತಿದ್ದುದು ತಲೆಯ ಮೇಲಿನ ನಟ್ಟು ಮಾತ್ರ. ದಿನವೂ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಅದು ಸಡಿಲಾಗಿತ್ತು. ತಂತಿ ಸರಿಯಾಗಿ ಕೂರದೆ ಅಲ್ಲಿ ಕಾವು ಹುಟ್ಟಿತ್ತು. "ಪ್ಲೇಟಲ್ಲ. ನಟ್ಟು" ಅಂದರು. ಹೇಳಿ ಹಾಗೇ ನೆಲದ ಮೇಲೆ ಕೂತುಬಿಟ್ಟರು. ಸ್ಪ್ಯಾನರನ್ನು ನನ್ನ ಕಡೆ ಚಾಚಿದರು. ನಾನೇ ತಿರುಗಿಸಿ ಬಿಗಿ ಮಾಡಿದೆ. ತಂತಿ ಮತ್ತೆ ಹಾಕಿದರು, ಮಗು ಮತ್ತೆ ಪೆಟ್ಟಿಗೆಗೆ ಹೋಯಿತು. ದೇವೀರಮ್ಮ ಹೊರಗೆ ಬಂದು ಇವರ ಮುಂದೆ ನಿಂತರು. ಏನು ಅಂದುಬಿಡುತ್ತಾರೋ ಅಂತ ನಾನು ಇವರ ಪಕ್ಕಕ್ಕೆ ಸರಿದೆ. "ಧರಣಪ್ಪ, ನೀನು ಸ್ವಲ್ಪ ಹೊತ್ತು ಮಲಕ್ಕೋ. ಎಲ್ಲಿ ಕೈ ಇಡಬೇಕು ಅಂತ ನನಗೆ ತೋರಿಸು. ಹೊಟ್ಟೆ ಮೇಲೆ ತಾನೆ?" ಅಂದರು. ಅವತ್ತಿನಿಂದ ಜಗಲಿಯ ಪಾಳಿಯಲ್ಲಿ ಅವರೂ ಸೇರಿಕೊಂಡರು. ಹಸಿಅಕ್ಕಿಯ ಹೆಸರು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ದಿನಗಳು ಹೋದವು. ತ್ರಿಶಲೆಯ ಜ್ವರ ಇಳಿಯಿತು. ಮಗು ಒಳಲೆಯ ಹಾಲನ್ನು ಉಗುಳುವುದು ಬಿಟ್ಟು ನುಂಗತೊಡಗಿತು, ಆಮೇಲೆ ಸಾಲದು ಅಂತ ಅಳತೊಡಗಿತು. ಅದರ ಅಳು ಬೀದಿಗೆ ಕೇಳಿದ ದಿನ ಹೆಂಗಸರು ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡರು. ಮೋಡ ಒಂದು ಬೆಳಿಗ್ಗೆ ಹರಿಯಿತು. ಮೊದಲು ಬಸದಿಯ ಕಳಸಕ್ಕೆ, ಆಮೇಲೆ ಮಾಡುಗಳಿಗೆ, ಆಮೇಲೆ ಒದ್ದೆ ಬೀದಿಗೆ ಬಿಸಿಲು ಬಿತ್ತು. ಎಲ್ಲರ ಮನೆಯ ಹಂಡೆಯೂ ಒಟ್ಟಿಗೇ ಕುದಿಯತೊಡಗಿ ಊರೆಲ್ಲ ಅನ್ನದ ಹಬೆಯ ವಾಸನೆ ತುಂಬಿತು. ಹಳ್ಳ ಇಳಿದು ಜಯಕೀರ್ತಿ ಕೆಸರು ಕಾಲಿನಲ್ಲಿ ಓಡಿಬಂದ. ಏನನ್ನು ನೋಡಬೇಕಾಗುತ್ತದೋ ಅಂತ ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡು ನಿಂತವನನ್ನು ಖತೀಜಾಬಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. "ಕಣ್ಣು ಬಿಟ್ಟು ನೋಡಪ್ಪ, ನಿನ್ನ ಮಗಳು ನಿನಗಿಂತ ಬೆಚ್ಚಗಿದಾಳೆ" ಅಂದರು.

ಇನ್ನು ಪೆಟ್ಟಿಗೆ ಬೇಡ, ತಾಯಿಯ ಮಗ್ಗುಲೇ ಸಾಕು ಅಂತ ಖತೀಜಾಬಿ ಹೇಳಿದ ದಿನ ಇವರು ಜಗಲಿಯಿಂದ ಎದ್ದು ಒಂದು ಸೆಲ್ಲನ್ನು ಅಂಗಳಕ್ಕೆ ತಂದರು. ಬಿಸಿಲಿಗೆ ಹಾಸಿದ ಗೋಣಿಯ ಮೇಲೆ ಇಟ್ಟು ಬಿಚ್ಚಲು ಕೂತರು. ಬೀದಿಯವರು ಸುತ್ತ ನೆರೆದರು. ಇಷ್ಟು ದಿನ ಓಡಿದ ಮೇಲೂ ಇದರಲ್ಲಿ ನೋಡುವುದು ಏನುಳಿದಿದೆ ಅಂತ ಒಬ್ಬರು ಕೇಳಿದರು. ದೇವೀರಮ್ಮ ಅವರಿಗೆ ಸುಮ್ಮನಿರಲು ಸನ್ನೆ ಮಾಡಿದರು. ನನಗೆ ಗೊತ್ತಿತ್ತು. ಇವರು ಇಷ್ಟು ದಿನ ಕೈ ಇಟ್ಟುಕೊಂಡು ಕೂತದ್ದು ಒಳಗೆ ಏನಿದೆಯೋ ಗೊತ್ತಿಲ್ಲದ ಒಂದು ಡಬ್ಬಿಯ ಮೇಲೆ. ಅದರೊಳಗೆ ಸೂಜಿಗಳು ಬೆಳೆದು ನಿಂತಿದ್ದರೆ, ಮಗು ಉಳಿದದ್ದು ಬರೀ ಅದೃಷ್ಟ. ಮುಂದಿನ ಮಗುವಿಗೆ ಆ ಅದೃಷ್ಟ ಇರದೆ ಹೋಗಬಹುದು.

ಮುಚ್ಚಳ ಕಳಚಿ ಬಂತು. ನೀರನ್ನು ಬಸಿದರು. ಪ್ಲೇಟುಗಳ ಗಂಟನ್ನು ಮೇಲೆತ್ತಿ, ಬಟ್ಟೆಯ ಹೊದಿಕೆಯನ್ನು ಒಂದೊಂದು ಪದರವಾಗಿ ಸುಲಿದರು. ಮದುವೆಯಲ್ಲಿ ಕೈಕೊಟ್ಟ ಸೆಲ್ಲುಗಳ ಬಟ್ಟೆ ಹೇಗಿತ್ತು ಅಂತ ನಾನು ನೋಡಿದ್ದೆ: ಬೆಳಕಿಗೆ ಹಿಡಿದರೆ ತೂತು ತೂತು. ಇವರು ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದರು. ಎಲ್ಲೂ ತೂತಿರಲಿಲ್ಲ. ಪ್ಲೇಟನ್ನು ತಿರುಗಿಸಿದರು. ಬೂದು ಬಣ್ಣದ ಮೈ, ಒರಳಿನಲ್ಲಿ ನುಣ್ಣಗೆ ಅರೆದು ಹಚ್ಚಿದ ಹಾಗೆ ಸಪಾಟಾಗಿತ್ತು. ಅಂಚುಗಳಲ್ಲಿ ಬೆರಳಾಡಿಸಿದರು. ಎಲ್ಲೂ ಚುಚ್ಚಲಿಲ್ಲ. ಇನ್ನೊಂದು ಪ್ಲೇಟು, ಅದೂ ಹಾಗೇ. ಮತ್ತೊಂದು, ಅದೂ ಹಾಗೇ. ನೆರೆದವರು ಇವರ ಮುಖ ನೋಡುತ್ತಿದ್ದರು. ಇವರು ಒಂದು ಪ್ಲೇಟನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಸೀದಾ ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ತ್ರಿಶಲೆ ಮಗುವಿಗೆ ಹಾಲೂಡಿಸಿ ಆಗಷ್ಟೇ ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ಇವರು ಅವಳ ಮಂಚದ ಹತ್ತಿರ ನಿಂತು, "ಪ್ಲೇಟು ಚೆನ್ನಾಗಿದೆ ಕಣಮ್ಮ" ಅಂದರು. ಅವಳಿಗೆ ಏನು ಅರ್ಥವಾಯಿತೋ, ಅವಳು ನಕ್ಕು, "ಇವಳೂ ಚೆನ್ನಾಗಿದಾಳೆ ಭಾವ" ಅಂದಳು. ಇವರು ಹೌದು ಹೌದು ಅಂತ ತಲೆಯಾಡಿಸಿದರು. ಮಂಚದ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಎರಡು ಸಲ ಕಣ್ಣು ಮಿಟುಕಿಸಿದರು, ಅಷ್ಟೆ, ಹಾಗೇ ನಿದ್ದೆ ಹೋದರು. ಬಾಯಿ ತೆರೆದುಕೊಂಡಿತ್ತು.

ಅಂಗಳದಲ್ಲಿ ಕೈಗವಸು ಹಾಕಿಕೊಳ್ಳುವುದನ್ನು ಅವರು ಮರೆತಿದ್ದರು. ಕ್ಷಾರದ ನೀರು ಅಂಗೈಯನ್ನು ಜಾರುಜಾರಾಗಿ ತಿನ್ನತೊಡಗಿತ್ತು. ಖತೀಜಾಬಿ ಒಂದು ತಂಬಿಗೆ ನೀರೂ ಬೋಗುಣಿಯೂ ತಂದುಕೊಟ್ಟು, "ಎಬ್ಬಿಸಬೇಡ, ಹಾಗೇ ತೊಳಿ" ಅಂದರು. ನಾನು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪ್ಲೇಟನ್ನು ತೆಗೆದು ಪಕ್ಕಕ್ಕಿಟ್ಟೆ. ಬೋಗುಣಿಯನ್ನು ಕೈಕೆಳಗೆ ಇಟ್ಟು ನೀರು ಹೊಯ್ಯುತ್ತಾ, ಆ ಜಾರು ಹೋಗುವ ತನಕ ತೊಳೆದೆ. ಆಮೇಲೆ ಇನ್ನೊಂದು ಕೈ. ಅವರಿಗೆ ಎಚ್ಚರವಾಗಲಿಲ್ಲ.